ಇರೋತನಕದ್ದು

೪ ಫೆಬ್ರವರಿ ೧೯೮೩, ಕೂಡ್ಲಿಗಿ

ಇವತ್ತು ಕೊಟ್ಟೂರಿನ ಆಫೀಸಿನಲ್ಲಿ ಗುಮಾಸ್ತ ಹನುಮಣ್ಣ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಚಹಾ ತರಿಸಿ, ನಾನು ಯಾವಾಗ ಸಾಯುತ್ತೇನೆಂದು ಕೇಳಿದ.

ಇಷ್ಟು ನೇರವಾಗಿ ಕೇಳಲಿಲ್ಲ. ಓದಿದವನು, ಸುತ್ತಿ ಬಳಸಿ ಕೇಳಿದ. ಇಪ್ಪತ್ತೊಂಬತ್ತು ವರ್ಷ ಈ ಕಂಪನಿಯ ಬಸ್ಸು ಓಡಿಸಿದ್ದೇನೆ. ಹರಪನಹಳ್ಳಿಯಿಂದ ಕೊಟ್ಟೂರು, ಕೊಟ್ಟೂರಿನಿಂದ ಕೂಡ್ಲಿಗಿ, ಮತ್ತೆ ವಾಪಸ್ಸು. ಹೋದ ತಿಂಗಳ ಕೊನೆಗೆ ಕೊರಳಿಗೆ ಹಾರ ಹಾಕಿ ಮನೆಗೆ ಕಳಿಸಿದರು. ಸಂಬಳದಲ್ಲಿ ಹಿಡಿದದ್ದು, ಸಾಹುಕಾರರು ಹಾಕಿದ್ದು, ಎಲ್ಲ ಸೇರಿ ಒಂದು ಗಂಟು ವಿಮಾ ಕಚೇರಿಯಲ್ಲಿದೆಯಂತೆ. ಗಂಟನ್ನು ಗಂಟಾಗಿಯೇ ಕೈಗೆ ಕೊಡುವುದಿಲ್ಲವಂತೆ. ತಿಂಗಳಿಗೆ ಇಷ್ಟಿಷ್ಟು ಎಂದು ಕೊಡುತ್ತಾರಂತೆ. ಹೇಗೆ ಕೊಡಬೇಕೆಂದು ನಾನು ಹೇಳಬೇಕಂತೆ.

“ಎರಡು ದಾರಿ ಅದಾವ ನೋಡ್ರಿ ಸುಂಕಪ್ಪಣ್ಣ,” ಅಂದ. “ಒಂದು, ನೀವು ಸಾಯೋತನಕ ತಿಂಗಳಿಗೆ ಇನ್ನೂರಾ ಮೂವತ್ತು ರೂಪಾಯಿ. ನೂರು ವರ್ಷ ಇದ್ರೂ ಕೊಡ್ತಾರ. ಸತ್ರ ಅವತ್ತಿಗೆ ಬಂದ್, ಹಿಂದಿದ್ದೋರಿಗೆ ಒಂದು ಪೈಸಾನೂ ಇಲ್ಲ. ಇನ್ನೊಂದು, ಹತ್ತು ವರ್ಷ ಖಾತ್ರಿ. ತಿಂಗಳಿಗೆ ಮುನ್ನೂರಾ ಎಂಬತ್ತು. ನೀವು ನಡುವ ಹೋದ್ರೂ ಹತ್ತು ವರ್ಷ ಮುಗಿಯೋತನಕ ನೀವು ಹೆಸರು ಬರೆಸಿದೋರಿಗೆ ಕೊಡ್ತಾರ. ಆದ್ರ ಹತ್ತು ವರ್ಷ ಆದ ಮ್ಯಾಲೆ ನೀವು ಕಲ್ಲುಗುಂಡಿನಂಗ ಕುಂತಿದ್ರೂ ಏನೂ ಇಲ್ಲ.”

“ನೀ ಯಾವುದು ತಗೋ ಅಂತಿ?”

“ನಿಮ್ಮ ಬೀಡಿ, ನಿಮ್ಮ ಸಿಟ್ಟು ನೋಡಿದ್ರ ಹತ್ತು ವರ್ಷದ್ದೇ ಚಲೋ ಅನಸ್ತೈತ್ರಿ.”

ಅವನ ವಯಸ್ಸು ನನ್ನ ಸರ್ವೀಸಿನಷ್ಟೂ ಇಲ್ಲ. ನಾನು ಅವನಿಗೆ ಏನಂದೆನೆಂದು ಬರೆಯುವುದಿಲ್ಲ. ಚಹಾ ಕುಡಿಯದೆ ಎದ್ದು ಬಂದೆ. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಚಹಾ ನೆನಪಾಯಿತು. ಬೈದು ಬಂದವನು ಮತ್ತೆ ಹೋಗಿ ಕುಡಿಯುವ ಹಾಗಿರಲಿಲ್ಲ.

ಮೇ ಮುಗಿಯುವುದರೊಳಗೆ ಹೇಳಬೇಕು. ಹೇಳದಿದ್ದರೆ ತಾನಾಗಿಯೇ ಸಾಯುವ ತನಕದ್ದು ಆಗುತ್ತದೆ. ಆಗಲಿ. ನಮ್ಮಪ್ಪ ಎಂಬತ್ತಾರಕ್ಕೆ ಹೋದ. ಸೋದರಮಾವ ಬೊಮ್ಮಪ್ಪ ಉಚ್ಚಂಗಿದುರ್ಗದಲ್ಲಿ ತೊಂಬತ್ತು ದಾಟಿ ಇನ್ನೂ ಗುಡ್ಡ ಹತ್ತುತ್ತಾನೆ. ನಾನು ತೊಂಬತ್ತೈದರ ತನಕ ಇದ್ದು ಆ ವಿಮಾ ಕಚೇರಿಯ ಬಾಗಿಲು ಹಾಕಿಸುತ್ತೇನೆ.

೫ ಫೆಬ್ರವರಿ

ಮನೆಯವಳಿಗೆ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ನಿಂತಿತು.

“ಸಾಯೋತನಕದ್ದು ಅಂತ ಯಾರಂದ್ರು?”

“ಹನುಮಣ್ಣ.”

“ಅವನ ಬಾಯಾಗ ಮಣ್ಣು ಹಾಕ. ಇರೋತನಕದ್ದು ಅನಬೇಕು.”

“ಎರಡೂ ಒಂದ.”

“ಒಂದ ಆಗಿದ್ರ ಇರೋತನಕದ್ದು ಅನ್ರಿ. ಏನು ಖರ್ಚಾಗತೈತಿ?”

ಹೆಸರು ಬದಲಿಸಿದರೆ ರೂಪಾಯಿ ಹೆಚ್ಚುತ್ತದೆಯೇ ಎಂದು ಕೇಳಿದೆ. ಅವಳು ಮತ್ತೆ ಮೊರ ಎತ್ತಿಕೊಂಡಳು. ನಾನು ಮಾತನ್ನು ನಯ ಮಾಡುವವನಲ್ಲ. ಬ್ರೇಕು ಹಿಡಿಯದಿದ್ದರೆ ಹಿಡಿಯುವುದಿಲ್ಲ ಎಂದು ಸಾಹುಕಾರರ ಮುಖಕ್ಕೇ ಹೇಳಿದವನು. ಈ ದಿನಚರಿಯಲ್ಲೂ ಹಾಗೆಯೇ. ನಾಲ್ಕನೇ ಕ್ಲಾಸಿಗೆ ಸಾಲೆ ಬಿಟ್ಟವನಿಗೆ ದಿನಚರಿ ಯಾಕೆ ಎಂದು ಯಾರಾದರೂ ನಗಬಹುದು. ಟ್ರಿಪ್ಪು ಮುಗಿದ ಮೇಲೆ ಎಷ್ಟು ಹೊತ್ತಿಗೆ ಬಿಟ್ಟೆ, ಎಲ್ಲಿ ನಿಂತೆ, ಯಾಕೆ ನಿಂತೆ ಎಂದು ಬರೆಯಲೇಬೇಕಿತ್ತು. ಆ ಚಟ ಉಳಿದಿದೆ. ಈಗ ಎಲ್ಲಿಗೂ ಹೋಗುವುದಿಲ್ಲ. ಯಾಕೆ ನಿಂತೆ ಎನ್ನುವುದನ್ನಾದರೂ ಬರೆಯಬಹುದು.

ಅವಳೂ ಸಾಯುವ ತನಕದ್ದೇ ಸರಿ ಅಂದಳು. “ನಾ ಹೆಂಗೂ ನಿಮಗಿಂತ ಮೊದಲ ಹೋಗಾಕಿ. ನಿಮಗ ಕಡೀತನಕ ಬರಬೇಕು,” ಅಂದಳು. ಪ್ರತಿ ಶುಕ್ರವಾರ ಉಚ್ಚಂಗೆಮ್ಮನ ಪಟದ ಮುಂದೆ ಅವಳದು ಇದೊಂದೇ ಅರ್ಜಿ, ಮುತ್ತೈದೆಯಾಗಿ ಕರೆದುಕೋ ಎಂದು. ನನಗಿಂತ ಹತ್ತು ವರ್ಷ ಚಿಕ್ಕವಳು. ಸಾಲಿನಲ್ಲಿ ಹಿಂದೆ ನಿಂತು ಮುಂದಿನ ಸೀಟಿಗೆ ಟವೆಲು ಎಸೆಯುವ ಪ್ಯಾಸೆಂಜರ್ ಇದ್ದ ಹಾಗೆ.

ನಮಗೆ ಮಕ್ಕಳಿಲ್ಲ. ಒಂದಾಗಿತ್ತು, ಉಳಿಯಲಿಲ್ಲ. ಅದನ್ನು ಬರೆಯುವುದಿಲ್ಲ.

೨೦ ಫೆಬ್ರವರಿ

ಸುದ್ದಿ ಊರಿಗೆಲ್ಲ ಹಬ್ಬಿದೆ. ಕೂಡ್ಲಿಗಿಯಲ್ಲಿ ಈಗ ಎಲ್ಲರೂ ನನ್ನ ಆಯುಷ್ಯದ ಲೆಕ್ಕ ಹಾಕುವವರೇ.

ಹೋಟೆಲಿನವನು ಇಡ್ಲಿ ಇಡುತ್ತ, “ಹತ್ತು ವರ್ಷದ್ದು ತಗೋರಿ ಡ್ರೈವರಣ್ಣ” ಅಂದ. ಅಂದರೆ ಹತ್ತು ವರ್ಷದೊಳಗೆ ನನ್ನನ್ನು ಎತ್ತಿಬಿಡುತ್ತಾರೆ ಎಂದು ಅವನ ಅಂದಾಜು. ಅವನ ಇಡ್ಲಿಯನ್ನೇ ತಿನ್ನುತ್ತಿದ್ದರೆ ಅದಕ್ಕೂ ಮೊದಲೇ. ಕ್ಷೌರದ ಓಬಳೇಶ ಗಂಟಲ ಮೇಲೆ ಕತ್ತಿ ಇಟ್ಟುಕೊಂಡು, “ನಿಮ್ಮ ಕುತ್ತಿಗಿ ಗಟ್ಟಿ ಐತ್ರಿ, ಸಾಯೋತನಕದ್ದೇ ಬರೆಸ್ರಿ” ಅಂದ. ಕತ್ತಿ ಅವನ ಕೈಯಲ್ಲಿದ್ದುದರಿಂದ ಹೂಂ ಅಂದೆ. ಹಗರಿಬೊಮ್ಮನಹಳ್ಳಿಯಿಂದ ಮನೆಯವಳ ತಮ್ಮ ಬಂದಿದ್ದ. ನನ್ನ ಮುಖವನ್ನು ಹಳೆಯ ಎತ್ತನ್ನು ನೋಡಿದ ಹಾಗೆ ನೋಡಿ, “ಹತ್ತು ವರ್ಷದ್ದೇ ಬರೆಸ್ರಿ ಮಾವ. ಹೆಸರು ಬರೆಸಾಕ ಮಕ್ಕಳಿಲ್ಲ ಅಂತ ಚಿಂತಿ ಮಾಡಬ್ಯಾಡ್ರಿ, ನಾ ಅದೀನಲ್ಲ” ಅಂದ. ಮಧ್ಯಾಹ್ನದ ಬಸ್ಸಿಗೆ ನಾನೇ ಹತ್ತಿಸಿ ಬಂದೆ.

ನೆಟ್ಟಗೆ ಮಾತಾಡಿದವನು ನಾಗೇಂದ್ರಪ್ಪ ಒಬ್ಬನೇ. ಹದಿನೆಂಟು ವರ್ಷ ನನ್ನ ಬಸ್ಸಿನ ಕಂಡಕ್ಟರ್ ಆಗಿದ್ದವನು. ನನಗಿಂತ ಎರಡು ತಿಂಗಳು ಮೊದಲು ಮನೆಗೆ ಹೋದ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ.

“ನಾ ಸಾಯೋತನಕದ್ದೇ ಬರೆಸಿದೆ,” ಅಂದ. “ಮೊದಲನೇದು ಬಂತು. ನಮ್ಮ ಮನಿಯಾಕಿ ಹಂಪಕ್ಕ ಹೋಳಿಗಿ ಮಾಡಿದ್ಲು.”

“ಎಷ್ಟು ವರ್ಷ ಇರೋ ವಿಚಾರ ಐತಲೇ?”

“ಅವರಿಗೆ ಸಾಕು ಸಾಕು ಅನಸೋತನಕ. ನೀನೂ ಅದನ್ನ ಬರೆಸು. ಇಬ್ಬರೂ ಸೇರಿ ಮುಳುಗಸೋಣು ಅವರನ್ನ.”

ಅವನಂಥವನು ಒಬ್ಬನಿದ್ದರೆ ಸಾಕು.

೬ ಮಾರ್ಚ್

ಉಚ್ಚಂಗಿದುರ್ಗಕ್ಕೆ ಹೋಗಿದ್ದೆ. ದೇವಿಗಲ್ಲ, ಬೊಮ್ಮಪ್ಪ ಮಾವನನ್ನು ನೋಡಲಿಕ್ಕೆ. ನಮ್ಮ ವಂಶದ ಎಂಜಿನ್ನು ಎಷ್ಟು ಓಡುತ್ತದೆ ಎಂದು ಕಣ್ಣಾರೆ ನೋಡಿ ಬರೋಣ ಅನ್ನಿಸಿತು.

ಗುಡ್ಡ ಹತ್ತುವುದನ್ನು ಬಿಟ್ಟು ಆರು ವರ್ಷವಾಯಿತಂತೆ. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಸೊಸೆ ಗಿಡ್ಡಮ್ಮ ಗಂಜಿ ಕುಡಿಸುತ್ತಿದ್ದಳು.

“ಯಾರೋ ಅದು?” ಅಂದ.

“ಸುಂಕಪ್ಪ.”

“ಸುಂಕಪ್ಪ ಸತ್ತು ಬಾಳ ವರ್ಷ ಆತಲ್ಲೋ.”

ಅದು ನಮ್ಮ ತಾತ. “ನಾನು ನಿನ್ನ ತಂಗಿ ಮಗ ಸುಂಕಪ್ಪ. ಡ್ರೈವರ್,” ಅಂದೆ.

“ಅಯ್ಯೋ, ಅವನೂ ಸತ್ತನೇನು?”

ಆ ಮೇಲೆ ಗುರುತು ಹಿಡಿದ. ಇಷ್ಟು ವರ್ಷ ಇರಲಿಕ್ಕೆ ಏನು ಮಾಡಿದೆ ಮಾವ ಎಂದು ಕೇಳಿದೆ. “ನಾನೇನು ಮಾಡಿದೆ? ನಿಮ್ಮತ್ತೆ ಹೊತ್ತೊತ್ತಿಗೆ ಹಾಕಿದ್ಲು, ಉಂಡೆ. ಆಕಿ ಹೋದ ಮೇಲೆ ಇವರು ಹಾಕ್ತಾರೆ, ಉಂಡ್ಕಂಡು ಇದೀನಿ,” ಅಂದ. ಅಷ್ಟಕ್ಕೇ ದಣಿದು ಕಣ್ಣು ಮುಚ್ಚಿದ.

ಹೊರಡುವಾಗ ಗಿಡ್ಡಮ್ಮ ಹೇಳಿದಳು: “ಇರೋಷ್ಟು ದಿನ ಬರೋದನ್ನೇ ತಗಳ್ರಿ ಅಣ್ಣ. ನಾನು ಬೈಕಂತ ಹಾಕಲ್ಲ, ಆದ್ರೆ ಎಲ್ರೂ ನನ್ನಂಗೆ ಇರಲ್ಲ. ಮುದುಕರ ಕೈಯಾಗೆ ತಿಂಗಳಿಗೆ ನಾಕು ಕಾಸು ಬಂದ್ರೆ ಗಂಜಿಗೆ ಉಪ್ಪು ಬೀಳ್ತತೆ.”

ಸರಿಯಾದ ಮಾತು. ನಮಗೆ ಸೊಸೆಯೂ ಇಲ್ಲ.

೭ ಮಾರ್ಚ್

ಬೀಡಿ ಬಿಟ್ಟೆ. ವಿಮಾ ಕಚೇರಿಯನ್ನು ಮುಳುಗಿಸಲಿಕ್ಕೆ.

೯ ಮಾರ್ಚ್

ಒಂದು ಸೇದಿದೆ. ಹನುಮಣ್ಣನ ಮೇಲಿನ ಸಿಟ್ಟಿಗೆ.

೧೮ ಮಾರ್ಚ್

ಬೆಳಿಗ್ಗೆ ಹೊಸಪೇಟೆ ರಸ್ತೆಯಲ್ಲಿ ಕಾಲ್ನಡಿಗೆ ಸುರುಮಾಡಿದ್ದೇನೆ. ಗುರುತಿನ ಲಾರಿ ಡ್ರೈವರುಗಳು ನಿಲ್ಲಿಸಿ, “ಹತ್ರಿ ಅಣ್ಣ, ಎಲ್ಲಿಗೆ ಬಿಡ್ಲಿ” ಅನ್ನುತ್ತಾರೆ. ಆಯುಷ್ಯ ಹೆಚ್ಚಿಸಿಕೊಳ್ಳಲಿಕ್ಕೆ ನಡೆಯುತ್ತಿದ್ದೇನೆ ಎಂದು ಹೇಗೆ ಹೇಳುವುದು? ಇವತ್ತು ಸುಮ್ಮನೆ ಹತ್ತಿ ಮುಂದಿನ ಊರಿನಲ್ಲಿ ಇಳಿದೆ. ವಾಪಸ್ಸು ಬರಲಿಕ್ಕೆ ಬಸ್ ಚಾರ್ಜು ದಂಡ. ಮನೆಯವಳು ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತೋ, ನಾನು ಮನೆಯಲ್ಲಿದ್ದು ನೋಡುವುದು ಈಗ ಸುರುವಾಯಿತೋ.

೪ ಏಪ್ರಿಲ್

ನಾಗೇಂದ್ರಪ್ಪ ಹೋದ.

ನಿನ್ನೆ ಮಧ್ಯಾಹ್ನ ಊಟ ಮಾಡಿ, ಎದೆ ಹಿಡಿದಂತಾಗುತ್ತದೆ ಅಂದನಂತೆ, ಗೋಡೆಗೆ ಒರಗಿದನಂತೆ. ಹದಿನೆಂಟು ವರ್ಷದಲ್ಲಿ ಅವನು ಹಿಂದಿನಿಂದ “ರೈಟ್” ಅನ್ನದೆ ನಾನು ಒಂದು ಸಲವೂ ಬಸ್ಸು ಎತ್ತಿದವನಲ್ಲ. ತಾನು ಮಾತ್ರ ಯಾರಿಗೂ ಹೇಳದೆ ಹೊರಟ.

ಮಣ್ಣಿಗೆ ಹೋಗಿ ಬಂದೆ. ಮನೆಯವಳೂ ಬಂದಿದ್ದಳು. ಹಂಪಕ್ಕನ ಬಳೆ ತೆಗೆಯುವಾಗ ಇವಳು ಎದ್ದು ಹೊರಗೆ ಬಂದು, ಬೇವಿನ ಮರದ ಕೆಳಗೆ ನಿಂತು ತನ್ನ ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಯಾಕೆ ಎಂದು ಕೇಳಿದೆ. ಬಿಸಿಲು ಅಂದಳು.

೮ ಮೇ

ಒಂದು ತಿಂಗಳಿನಿಂದ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ನಡೆಯುವುದನ್ನು ಬಿಟ್ಟಿದ್ದೇನೆ. ನಾಗೇಂದ್ರಪ್ಪ ದಿನವೂ ನಡೆಯುತ್ತಿದ್ದ.

ಇವತ್ತು ಕೊಟ್ಟೂರಿನಲ್ಲಿ ಶೇಂಗಾ ಮಿಲ್ಲಿನ ಮುಂದೆ ಹೋಗುತ್ತಿದ್ದೆ. ಅಂಗಳದಲ್ಲಿ ಹೆಣ್ಣಾಳುಗಳು ಕಾಳು ಆರಿಸುತ್ತ ಕೂತಿದ್ದರು. ಅವರ ನಡುವೆ ಹಂಪಕ್ಕ. ನನ್ನನ್ನು ನೋಡಿ ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ಬಂದಳು. ಕೈಗೆಲ್ಲ ಶೇಂಗಾದ ಧೂಳು.

“ಇದೇನಿದು ಹಂಪಕ್ಕ?”

“ಕುಂತು ಉಣ್ಣಾಕ ಆಗತೈತೇನಣ್ಣ? ಅವರದು ಬಂದ್ ಆತಲ್ಲ.”

“ಏನೂ ಕೊಡಲಿಲ್ಲೇನು?”

“ಮೂರು ಸರ್ತಿ ಬಂತು. ಮೂರು ಸರ್ತೀನೂ ಸಿಹಿ ಮಾಡಿದ್ದೆ. ಆಫೀಸಿನೋರದು ತಪ್ಪಿಲ್ಲ, ಇವರೇ ಹಂಗ ಬರೆದು ಕೊಟ್ಟಿದ್ರು. ನಾನೂ ಹೂಂ ಅಂದಿದ್ದೆ. ನನಗೇನು ಗೊತ್ತು.” ಆ ಮೇಲೆ ಸಣ್ಣ ದನಿಯಲ್ಲಿ, “ಮನಿಯಾಗ ಗಾದೆಮ್ಮ ಅರಾಮ ಅದಾಳೇನು?” ಅಂದಳು.

ಅರಾಮ ಅದಾಳ ಅಂದೆ. ಮೇಸ್ತ್ರಿ ಕೂಗಿದ. ಅವಳು ಓಡಿದಳು. ಐವತ್ತು ದಾಟಿದ ಹೆಂಗಸು, ಓಡಿದಳು.

ನಾಗೇಂದ್ರಪ್ಪ ಅವರನ್ನು ಮುಳುಗಿಸುತ್ತೇನೆ ಅಂದಿದ್ದ. ಅವನ ಇಪ್ಪತ್ತೇಳು ವರ್ಷದ ಸರ್ವೀಸಿನ ಗಂಟಿಗೆ ಮೂರು ಹೋಳಿಗೆ.

೯ ಮೇ

ಜಗಳವಾಯಿತು.

ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಒಲೆಯ ಹತ್ತಿರ ಕೂತು ನೇರವಾಗಿ ಹೇಳಿದೆ: “ಹ್ಯಾಂಗೂ ನಾಳಿ ನಾಡದ್ದು ಕೊಟ್ಟೂರಿಗೆ ಹೋಗ್ತೀನಿ. ಹತ್ತು ವರ್ಷದ್ದು ಬರೆಸ್ತೀನಿ. ನನ್ನ ನಂತರ ನಿನಗ ಬರತೈತಿ.”

ಕೈ ನಿಂತಿತು. “ಆ ಮಾತು ಇನ್ನೊಮ್ಮೆ ಆಡಬ್ಯಾಡ್ರಿ.”

“ಯಾವ ಮಾತು?”

“ನಂತರ ಅಂದ್ರಲ್ಲ, ಅದು.”

“ನಂತರ ಅಂದ್ರ ನಂತರ. ಊಟದ ನಂತರ ಎಲಿ ಅಡಿಕಿ ಹಾಕ್ಕೊಳ್ಳಂಗಿಲ್ಲೇನು?”

“ಎಲಿ ಅಡಿಕಿ ಹಾಕ್ಕೊಳ್ಳಾಕ ಯಾರೂ ಬಳಿ ಒಡಿಯಂಗಿಲ್ಲ.”

ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಇಬ್ಬರೂ ನೋಡಿದೆವು, ಯಾರೂ ತೆಗೆಯಲಿಲ್ಲ.

“ಸರಕಾರದ ಕಾಗದದಾಗ ನನ್ನ ಹೆಸರು ಬರೆಸೋದು ಅಂದ್ರ, ಈಕಿ ಮುಂದ ರಂಡಿ ಆಗಾಕಿ ಅಂತ ನೀವ ನಿಮ್ಮ ಕೈಲೆ ಬರೆದು ಕೊಟ್ಟಂಗ. ನಾ ಇಪ್ಪತ್ತೆಂಟು ವರ್ಷದಿಂದ ಆ ತಾಯಿಗೆ ಕೇಳಿಕೊಂಡದ್ದು ಒಂದ. ನೀವು ಅದರ ಅಡ್ಡ ಬರೆದು ಕೊಡ್ತೀರೇನು?”

“ಆಕಿ ನಡೆಸಿ ಕೊಡದಿದ್ರ?”

“ಕೊಡ್ತಾಳ.”

“ಬರೆದು ಕೊಟ್ಟಾಳೇನು?”

ಅದನ್ನು ಆಡಬಾರದಿತ್ತೇನೋ. ಅವಳ ಕಣ್ಣಲ್ಲಿ ನೀರು ಬಂತು. ಹೊಗೆಯೂ ಇತ್ತು.

“ಹಂಪಕ್ಕನ್ನ ನೋಡಿ ಬಂದೀನಿ,” ಅಂದೆ. “ಶೇಂಗಾ ಆರಸ್ತಾಳ.”

“ಆಕಿ ಪಾಡು ಆಕಿದು. ನೀವು ನಿಮ್ಮದು ನೋಡ್ರಿ. ಹತ್ತು ವರ್ಷ ಆದ ಮ್ಯಾಲೆ ನಿಮಗ ಅರವತ್ತೆಂಟು. ನಾ ಇರಂಗಿಲ್ಲ. ಕೈಯಾಗ ಕಾಸಿರಂಗಿಲ್ಲ. ಒಂದು ರೊಟ್ಟಿ ಬಡಿಯಾಕ ಬರಂಗಿಲ್ಲ ನಿಮಗ, ಒಂದು ಒಳ್ಳೆ ಮಾತು ಆಡಿ ಯಾರ ಹತ್ರ ಇಸಗೊಳ್ಳಾಕೂ ಬರಂಗಿಲ್ಲ. ಯಾರು ಹಾಕ್ತಾರ ನಿಮಗ?”

ನಾನು ಎದ್ದು ಹೊರಗೆ ಬಂದೆ. ಇಷ್ಟೊತ್ತು ಜಗಳವಾಡಿದಳು, ಒಂದು ಸಲವಾದರೂ ತನ್ನ ಹೊಟ್ಟೆಯ ಮಾತು ಎತ್ತಲಿಲ್ಲ. ಹೆಂಗಸರಿಗೆ ವಾದ ಮಾಡಲಿಕ್ಕೆ ಬರುವುದಿಲ್ಲ.

೧೩ ಮೇ

ರೊಟ್ಟಿ ಬರುತ್ತದೆ, ಮಾತು ಬರುವುದಿಲ್ಲ. ಹೇಳುವುದಿದ್ದರೆ ಬಾಗಿಲಿಗೆ ಹೇಳುತ್ತಾಳೆ. “ಬಾಗಲಾ, ನೀರು ಕಾದಾವ ಅಂತ ಹೇಳು.” “ಬಾಗಲಾ, ಅಂಗಿ ಹರದೈತಿ, ಬಿಚ್ಚಿ ಕೊಟ್ರ ಹೊಲಿತೀನಂತ ಹೇಳು.” ನಾನೂ ಬಾಗಿಲಿಗೇ ಬೈಯುತ್ತಿದ್ದೇನೆ.

ಅವಳು ಉಣ್ಣುತ್ತಿಲ್ಲ ಎಂದು ಇವತ್ತು ಪಕ್ಕದ ಮನೆಯ ಅಂಜಿನಕ್ಕ ಹೇಳಿದಳು. ನಾನು ಉಂಡ ಮೇಲೆ ಉಣ್ಣುತ್ತಾಳೆ ಎಂದುಕೊಂಡಿದ್ದೆ. ಇಷ್ಟು ವರ್ಷವೂ ಹಾಗೆಂದುಕೊಂಡೇ ಇದ್ದೆ, ನೋಡಿರಲಿಲ್ಲ.

ಸಂಜೆ ಬಾಗಿಲಿಗೆ ಹೇಳಿದೆ: “ಬಾಗಲಾ, ಇರೋತನಕದ್ದೇ ಬರೆಸ್ತಾರಂತ ಹೇಳು. ಉಣ್ಣಾಕ ಹೇಳು.”

ಸ್ವಲ್ಪ ಹೊತ್ತಿಗೆ ಬದನೆಕಾಯಿ ಹುರಿಯುವ ವಾಸನೆ ಬಂತು. ನನ್ನ ಎದುರಿಗೇ ಕೂತು ಉಂಡಳು. ಎರಡು ರೊಟ್ಟಿ.

೨೩ ಮೇ

ಕೊಟ್ಟೂರಿಗೆ ಹೋದೆ. ಹನುಮಣ್ಣ ದೂರದಿಂದಲೇ ಎದ್ದು ನಿಂತ. ಹಿಂದಿನ ಬೈಗುಳ ನೆನಪಿದ್ದಿರಬೇಕು.

“ನಿಮ್ಮ ಮುಖದಾಗ ಕಳೆ ಐತ್ರಿ ಸುಂಕಪ್ಪಣ್ಣ. ತೊಂಬತ್ತು ದಾಟ್ತೀರಿ. ಸಾಯೋತನಕದ್ದೇ ಬರೀಲೇನ್ರಿ?”

“ಇರೋತನಕದ್ದು ಅನ್ನಾಕ ಬರಂಗಿಲ್ಲೇನು ನಿನಗ?”

“ತಪ್ಪಾತ್ರಿ. ಇರೋತನಕದ್ದು ಬರೀಲೇನ್ರಿ?”

“ಹತ್ತು ವರ್ಷದ್ದು ಬರಿ.”

ಅವನು ನನ್ನನ್ನೂ ಕಾಗದವನ್ನೂ ನೋಡಿದ. ಪೆನ್ನು ತೆಗೆದ. ಬುದ್ಧಿ ಬಂದಿದೆ.

“ಯಾರ ಹೆಸರು ಬರೀಲ್ರಿ?”

“ಗಾದೆಮ್ಮ.”

“ಏನಾಗಬೇಕ್ರಿ ನಿಮಗ?”

“ಹೆಂಡ್ತಿ. ಇಪ್ಪತ್ತೆಂಟು ವರ್ಷದಿಂದ.”

“ಅಷ್ಟು ಬ್ಯಾಡ್ರಿ, ವಯಸ್ಸು ಬೇಕು.”

ನಲವತ್ತೆಂಟು ಅಂದೆ. ಅವನು ಬರೆಯುವಾಗ ಮನಸ್ಸಿನಲ್ಲಿ ಹತ್ತು ಕೂಡಿಸಿದೆ. ಐವತ್ತೆಂಟು. ಈಗಿನ ನನ್ನ ವಯಸ್ಸು. ಅವತ್ತಿಗೆ ಅವಳಿಗೂ ಇದು ನಿಲ್ಲುತ್ತದೆ. ಎರಡು ದಾರಿ ಎಂದು ಇಷ್ಟು ದಿನ ತಲೆ ಕೆಡಿಸಿಕೊಂಡೆ. ಎರಡೂ ಅವಳ ಮನೆಯ ತನಕ ಹೋಗುವುದಿಲ್ಲ.

“ಆಕಿ ಸಹಿ ಬೇಕಾಗತೈತೇನು?” ಎಂದು ಕೇಳಿದೆ.

“ಬ್ಯಾಡ್ರಿ. ನಿಮ್ಮದೊಂದ ಸಾಕು. ಅಕ್ಕಾರಿಗೆ ಗೊತ್ತೈತಲ್ಲ?”

“ಗೊತ್ತಾದ್ರ ನಿನ್ನ ಕಾಲು ಮುರಿತೀನಿ.”

ಚಹಾ ತರಿಸಿದ. ಈ ಸಲ ಕುಡಿದು ಬಂದೆ.

ಅದೇ ದಿನ, ಸಂಜೆ

“ಬರೆಸಿ ಬಂದ್ರೇನು?” ಎಂದು ಕೇಳಿದಳು.

“ಬರೆಸಿದೆ. ಇರೋತನಕದ್ದು.”

ದೇವರ ಮುಂದೆ ಊದಿನಕಡ್ಡಿ ಹಚ್ಚಿದಳು. ನಾನು ಸುಳ್ಳು ಹೇಳಿದವನಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ. ಇದು ಸುಳ್ಳಲ್ಲ. ಮುಂದೆ ಗುಂಡಿ ಇದೆ ಎಂದು ಪ್ಯಾಸೆಂಜರಿಗೆ ಯಾವ ಡ್ರೈವರೂ ಹೇಳುವುದಿಲ್ಲ, ತಾನು ನೋಡಿಕೊಂಡು ಓಡಿಸುತ್ತಾನೆ.

೫ ಜುಲೈ

ಮೊದಲನೆಯದು ಬಂತು, ಮನಿಯಾರ್ಡರಿನಲ್ಲಿ. ಪೋಸ್ಟ್‌ಮ್ಯಾನ್ ಹುಲುಗಪ್ಪನಿಗೆ ಮೊದಲೇ ಹೇಳಿಟ್ಟಿದ್ದೆ, ಮನೆಗೆ ತರಬೇಡ, ನಾನೇ ಪೋಸ್ಟಾಫೀಸಿಗೆ ಬಂದು ಇಸಕೊಳ್ಳುತ್ತೇನೆ ಎಂದು. “ಯಾಕಣ್ಣ, ಈ ವಯಸ್ಸಿನಾಗ ಎರಡನೇ ಸಂಸಾರೇನು?” ಅಂದ. ಹಲ್ಲು ಉದುರಿಸುತ್ತೇನೆ ಅಂದೆ.

ಇನ್ನೂರ ಮೂವತ್ತು ಮನೆಗೆ. ಉಳಿದದ್ದು ಪೋಸ್ಟಾಫೀಸಿನಲ್ಲಿಯೇ ಒಂದು ಪಾಸ್‌ಬುಕ್ಕಿಗೆ. ಅದು ಹನ್ನೊಂದನೇ ವರ್ಷಕ್ಕೆ ಅವಳಿಗೆ. ಅಲ್ಲಿಯೂ ವಾರಸುದಾರರು ಯಾರು ಎಂದು ಕೇಳಿದರು. ಒಂದು ಸಲ ಬರೆಸಿದವನಿಗೆ ಇನ್ನೊಂದು ಸಲ ಏನು ಎಂದು ಅಲ್ಲಿಯೂ ಗಾದೆಮ್ಮ ಎಂದು ಬರೆಸಿದೆ.

ಅವಳು ಇನ್ನೂರ ಮೂವತ್ತನ್ನು ಕಣ್ಣಿಗೆ ಒತ್ತಿಕೊಂಡಳು. ಹೋಳಿಗೆ ಮಾಡುತ್ತೇನೆ ಅಂದಳು. ಬೇಡ ಅಂದೆ. ಯಾಕೆ ಎಂದು ಕೇಳಲಿಲ್ಲ. ರಾಗಿ ಮುದ್ದೆ ಉಂಡೆವು.

೧೪ ನವೆಂಬರ್

ಐದು ದಿನ ಜ್ವರ. ಎಚ್ಚರವಿರಲಿಲ್ಲ. ಗಾದೆಮ್ಮ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಲೇ ಇದ್ದಳಂತೆ. ಕಣ್ಣು ಬಿಟ್ಟಾಗ ಅವಳ ಮುಖ ನನ್ನದಕ್ಕಿಂತ ಬತ್ತಿತ್ತು.

ಈ ತಿಂಗಳದು ಇಸಕೊಳ್ಳಲು ನಾನು ಹೋಗದ್ದರಿಂದ ಹುಲುಗಪ್ಪ ಮನೆಗೇ ತಂದಿದ್ದನಂತೆ. ಗಂಡನೇ ಬಂದು ಸಹಿ ಮಾಡುತ್ತಾರೆ ಎಂದು ಇವಳು ವಾಪಸ್ಸು ಕಳಿಸಿದಳಂತೆ. ಇವತ್ತು ಕೋಲು ಹಿಡಿದುಕೊಂಡು ಹೋಗಿ ಹುಲುಗಪ್ಪನನ್ನು ಹಿಡಿದೆ.

“ಎಷ್ಟು ಬಂದೈತಿ ಅಂತ ಹೇಳಿದೇನಲೇ?”

“ಇಲ್ಲಣ್ಣ. ಅಕ್ಕ ಕೇಳಿದ್ರು. ನಾ ಹೇಳಲಿಲ್ಲ,” ಅಂದ, ಪೋಸ್ಟಾಫೀಸಿನ ಹೆಂಚು ನೋಡುತ್ತ.

ಒಳ್ಳೆಯ ಮನುಷ್ಯ. ಸುಮ್ಮನೆ ಅವನ ಮೇಲೆ ಅನುಮಾನಪಟ್ಟೆ.

೧೮ ನವೆಂಬರ್, ಶುಕ್ರವಾರ

ಮೂರು ದಿನದಿಂದ ಗಾದೆಮ್ಮ ಏನೋ ಯೋಚಿಸುತ್ತಾಳೆ. ಬಾಗಿಲಿಗೆ ಮಾತಾಡುವ ಥರದ ಮೌನ ಅಲ್ಲ, ಬೇರೆ. ನನ್ನ ತಟ್ಟೆಗೆ ಹಾಕಿ, ನಾನು ಉಣ್ಣುವುದನ್ನು ನೋಡುತ್ತ ಕೂರುತ್ತಾಳೆ. ಜ್ವರದಿಂದ ಎದ್ದವನೆಂದು ಇರಬೇಕು.

ಇವತ್ತು ಪೂಜೆಗೆ ಎರಡು ತೆಂಗಿನಕಾಯಿ ಒಡೆದಳು. ಯಾಕೆ ಎರಡು ಎಂದು ಕೇಳಿದೆ.

“ಒಂದು ಹಳೇದು ಕೇಳಿಕೊಂಡಿದ್ದಕ್ಕ. ಅದನ್ನ ಬ್ಯಾಡವ್ವ, ಬಿಟ್ಟುಬಿಡು ಅಂದೆ. ಇನ್ನೊಂದು ಹೊಸಾದಕ್ಕ.”

“ಹೊಸಾದೇನು?”

“ದೇವರಿಗೆ ಕೇಳಿದ್ದನ್ನ ಗಂಡಗ ಹೇಳಬಾರದು.”

“ಹಳೇದು ಇಪ್ಪತ್ತೆಂಟು ವರ್ಷ ವಾರಾ ವಾರಾ ಹೇಳಿದೆಲ್ಲ.”

“ಅದಕ್ಕ ಅದು ನಡೀಲಿಲ್ಲ,” ಅಂದು ನಕ್ಕಳು.

ಜ್ವರ ಬಂದದ್ದು ನನಗೆ, ತಲೆ ಕೆಟ್ಟದ್ದು ಅವಳಿಗೆ. ಎರಡು ಕಾಯಿಯ ದಂಡ.

೧೩ ಜನವರಿ ೧೯೮೪

ಸಂಕ್ರಾಂತಿಗೆ ಸೀರೆ ತೆಗೆದುಕೋ ಎಂದು ದುಡ್ಡು ಕೊಡಲು ಹೋದೆ. ಬೇಡ ಅಂದಳು. ಇದ್ದದ್ದರಲ್ಲೇ ನಡೆಸಿ ಅದರಲ್ಲಿಯೂ ಉಳಿಸುತ್ತಾಳೆ. ಪಾಸ್‌ಬುಕ್ಕಿನ ವಿಷಯ ಹೇಳಿಬಿಡೋಣ ಎಂದು ಬಾಯಿಗೆ ಬಂದಿತ್ತು. ಹೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಹಬ್ಬಕ್ಕೆ ಮಾಡಿಟ್ಟ ಎಳ್ಳು ಬೆಲ್ಲ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ.

ಓಬಳೇಶ ಇವತ್ತು ಕ್ಷೌರ ಮಾಡುತ್ತ, “ಈಗೀಗ ಬೈಯೋದು ಕಡಿಮಿ ಮಾಡೀರಿ ಅಣ್ಣ, ಮೈಯಾಗ ಹುಷಾರಿಲ್ಲೇನು” ಎಂದು ಕೇಳಿದ. ಅವನಿಗೆ ಬೈದೆ.

೨೪ ಜೂನ್

ಮಳೆ ಹಿಡಿಯಿತು. ಕೊಟ್ಟೂರು ರಸ್ತೆಯ ಬದಿಗೆ ನಮ್ಮಪ್ಪನ ಕಾಲದ ಒಂದು ಎಕರೆ ಇದೆ. ಬರೀ ಕಲ್ಲು. ಮೇಕೆಗಳನ್ನು ಬಿಟ್ಟು ಯಾರೂ ಅದನ್ನು ಹೊಲ ಅನ್ನುವುದಿಲ್ಲ. ಬೆಳಿಗ್ಗೆ ಗಾದೆಮ್ಮ ಅಲ್ಲಿಗೆ ಹೋಗೋಣ, ಹಾರೆ ತಗೊಳ್ಳಿ ಅಂದಳು. ಅವಳ ತಲೆಯ ಮೇಲೆ ಪುಟ್ಟಿ. ಪುಟ್ಟಿಯಲ್ಲಿ ಒಡೆದ ಮಡಕೆಯ ತಳಗಳು, ಒಂದೊಂದರಲ್ಲಿ ಒಂದೊಂದು ಹುಣಸೆ ಸಸಿ. ಬಚ್ಚಲ ಹಿಂದೆ ಬೆಳೆಸಿಕೊಂಡಿದ್ದಳಂತೆ. ನಾನು ಆ ಕಡೆ ಹೋದವನಲ್ಲ.

ಎಂಟು ಗುಂಡಿ ಬೇಕು ಅಂದಳು. ಮೊದಲನೆಯದಕ್ಕೇ ಹಾರೆ ಕಿಡಿ ಕಾರಿತು.

“ಇವು ಕಾಯಿ ಬಿಡೋದು ಯಾವಾಗ?” ಎಂದು ಕೇಳಿದೆ.

“ಉಳಿದ್ರ, ಹತ್ತು ವರ್ಷಕ್ಕ.”

“ಹತ್ತು ವರ್ಷಕ್ಕ ನಮಗ್ಯಾಕ ಬೇಕು ಹುಣಸಿಕಾಯಿ? ತಿಂಗಳಾ ತಿಂಗಳಾ ಬರತೈತಲ್ಲ, ಇರೋತನಕ.”

ಅವಳು ಸಸಿಯ ಬುಡಕ್ಕೆ ಮಣ್ಣು ಒತ್ತುತ್ತಿದ್ದಳು. ತಲೆ ಎತ್ತಲಿಲ್ಲ.

“ಬರಲಿ ಬಿಡ್ರಿ. ಇವೂ ಇರಲಿ. ಹುಣಸಿ ಮರ ಗುತ್ತಿಗಿಗೆ ತಗೊಳ್ಳೋರು ದುಡ್ಡು ಮುಂಗಡ ಕೊಟ್ಟು ತಾವ ಬಂದು ಬಡಕೊಂಡು ಹೋಗ್ತಾರ. ನೀವು ಮರ ಹತ್ತೋದು ಬ್ಯಾಡ, ಯಾರ ಹತ್ರಾನೂ ಒಳ್ಳೆ ಮಾತು ಆಡೋದೂ ಬ್ಯಾಡ. ಕುಂತಲ್ಲೇ ವರ್ಷದ ಜ್ವಾಳ ಬರತೈತಿ.”

“ಅಷ್ಟೊತ್ತಿಗೆ ನಾ ಅರವತ್ತೆಂಟು ದಾಟಿರ್ತೀನಿ.”

“ಹೂಂ,” ಅಂದಳು. “ಅದಕ್ಕ.”

ಪಾಪ, ಅವಳಿಗೆ ಲೆಕ್ಕ ಹತ್ತುವುದಿಲ್ಲ. ಇರುವ ತನಕ ಬರುವ ಪಿಂಚಣಿ ಇದೆ ಎಂದು ನಂಬಿಕೊಂಡವಳಿಗೆ ಹನ್ನೊಂದನೇ ವರ್ಷದ ಜೋಳದ ಚಿಂತೆ ಯಾಕೆ? ತಿಳಿಸಿ ಹೇಳೋಣವೆಂದರೆ ನನ್ನ ಸುಳ್ಳೇ ಹೊರಗೆ ಬೀಳುತ್ತದೆ. ಅದಕ್ಕೇ ಬಾಯಿ ಮುಚ್ಚಿಕೊಂಡು ಎಂಟೂ ಗುಂಡಿ ತೋಡಿದೆ. ಬೆನ್ನು ಹಿಡಿದುಕೊಂಡಿದೆ. ಮಳೆ ಬಾರದಿದ್ದರೆ ನಾಳೆ ಎರಡು ಕೊಡ ನೀರು ಹೊರಬೇಕು.